ಹಳೇ ಕೆರೆ, ಹೊಸ ನೀರು

ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ. ಎಲ್ಲಿಂದ ಅಂತ ಬೆಂಗಳೂರಿನವರು ಕೇಳೋದು ಬಿಟ್ಟು ಬಹಳ ಕಾಲವಾಯ್ತು. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿದರು. ಅದು ಸಾಲಲಿಲ್ಲ, 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿ ಜಲಾಶಯ. 1974ರಲ್ಲಿ ಕಾವೇರಿ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು. ಕರೆಂಟ್ ಬಿಲ್ ನೀವೇ ಊಹಿಸಿ!

ನೋಡಿ, ಪ್ರತಿ ಸಲವೂ ಹೊಸ ಯೋಜನೆಯ ಲೆಕ್ಕ ಹಾಕಿದೆವು. ಹಳೆಯದನ್ನು ಕೈಬಿಟ್ಟ ನಷ್ಟವನ್ನು ಅದಕ್ಕೆ ಕೂಡಿಸಲೇ ಇಲ್ಲ. ಕುಡಿಯೋಕೆ ಬೇಡವಾದ ಕೆರೆ ನಮಗೆ ಬರೀ ಖಾಲಿ ಜಾಗ. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ.

2024ರಲ್ಲಿ ಕಾವೇರಿ 5ನೇ ಹಂತ, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್. ಬಳಸಿದ ನೀರು ಎಲ್ಲಿ ಹೋಗುತ್ತೆ? ದೊಡ್ಡ ಪಾಲು ಕೊಳಚೆಯಾಗಿ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದಾಚೆ ಸಂಗಮದಲ್ಲಿ ಮತ್ತೆ ಅದೇ ಕಾವೇರಿಗೆ.