ಎಂಜಿಬಿ ಎಂಜಿನ್ ಪುನರ್ನಿರ್ಮಾಣ

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರಿನ 1798 ಸಿಸಿ, ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವ ಕೆಲಸ. ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣದವು. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಕಾರಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿರಬಹುದು. ಆಗ ಸೆಲ್ಫ್ ಹೊಡೆಯಲೇಬಾರದು. ಸ್ಪಾರ್ಕ್ ಪ್ಲಗ್ ತೆಗೆದು ಒಳಗೆ ಎಣ್ಣೆ ಸುರಿದು, ಚೆನ್ನಾಗಿ ನೆನೆದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ತುಸುತುಸು ತಿರುಗಿಸಬೇಕು. ಬೋರಿನ ಮೂಲ ವ್ಯಾಸ 80.26 ಮಿ.ಮೀ.; ಸವೆದಿದ್ದರೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಆರಂಭದ ಎಂಜಿನ್‌ಗಳಲ್ಲಿ ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್, 1964ರ ಕೊನೆಯಿಂದ ಐದು. ಬಿಡಿಭಾಗ ತರಿಸುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗುವ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಹೆಡ್ ಬಿಚ್ಚಿರುವಾಗಲೇ ಕೂರಿಸಿಬಿಡುವುದು ಜಾಣತನ.