ಬೈಸಿಕಲ್ ಮೋಟೋಕ್ರಾಸ್ ಸ್ಪರ್ಧೆಯಲ್ಲಿ ಹೊಸಬನ ಸ್ಥಾನ: ಒಂದು ಚಾರಿತ್ರಿಕ ಸಮೀಕ್ಷೆ

ಕ್ರೀಡೆಗಳ ಚರಿತ್ರೆಯನ್ನು ಬರೆಯಹೊರಟವರು ಗೆದ್ದವರ ಹೆಸರುಗಳನ್ನು ಹಿಡಿದು ಮುಂದುವರಿಯುವುದು ರೂಢಿಯಾಗಿದೆ. ರಾಜವಂಶಗಳ ಪಟ್ಟಿಯನ್ನೇ ನಾಡಿನ ಚರಿತ್ರೆಯೆಂದು ಬಗೆಯುವ ಹಳೆಯ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಬೈಸಿಕಲ್ ಮೋಟೋಕ್ರಾಸ್, ಸಂಕ್ಷೇಪವಾಗಿ ಬಿ.ಎಂ.ಎಕ್ಸ್., ಎಂದು ಹೆಸರಾದ ಸ್ಪರ್ಧೆಯ ವಿಷಯದಲ್ಲಂತೂ ಈ ಪದ್ಧತಿ ಏನೇನೂ ಸಾಲದು. ಈ ಕ್ರೀಡೆಯ ನಿಯಮಗಳಲ್ಲಿ ಬಹುಪಾಲು, ಮೊದಲ ಬಾರಿಗೆ ಕಣಕ್ಕಿಳಿಯುವ ಹುಡುಗನನ್ನು ಕಣ್ಣಮುಂದೆ ಇಟ್ಟುಕೊಂಡು ರೂಪುಗೊಂಡವು. ಆ ಹೊಸಬನ ಸ್ಥಾನ ಹೇಗೆ ನಿರ್ಮಿತವಾಯಿತು, ಎಷ್ಟರಮಟ್ಟಿಗೆ ಉಳಿಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸ್ಪರ್ಧೆಯ ಸ್ವರೂಪವನ್ನು ಮೊದಲು ಸ್ಥೂಲವಾಗಿ ಹೇಳಬೇಕಾಗಿದೆ. ಇಪ್ಪತ್ತು ಅಂಗುಲದ ಚಕ್ರ, ಒಂದೇ ಗೇರು, ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕು ಇರುವ ಗಟ್ಟಿಯಾದ ಸೈಕಲ್ಲಿನ ಮೇಲೆ, ಹೆಚ್ಚೆಂದರೆ ಎಂಟು ಮಂದಿ ಸವಾರರು ಒಂದು ದಿಬ್ಬದ ನೆತ್ತಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಮುಂದಿನ ಚಕ್ರಗಳನ್ನು ತಡೆದಿರುವ ಕದ ಕೆಳಕ್ಕೆ ಬಿದ್ದೊಡನೆ ಎಲ್ಲರೂ ಏಕಕಾಲಕ್ಕೆ ಇಳಿಜಾರಿಗೆ ಧುಮುಕುತ್ತಾರೆ. ಮುನ್ನೂರು ನಾನೂರು ಮೀಟರುಗಳ ಮಣ್ಣಿನ ಹಾದಿ, ಅದರಲ್ಲಿ ಉಬ್ಬುಗಳು, ಹೊರಮಗ್ಗುಲು ಎತ್ತರಿಸಿದ ತಿರುವುಗಳು. ಮುಕ್ಕಾಲು ನಿಮಿಷದೊಳಗೆ ಎಲ್ಲವೂ ಮುಗಿದುಹೋಗುತ್ತದೆ.

ಇದರ ಮೂಲವನ್ನು ಕುರಿತು ಭಿನ್ನಾಭಿಪ್ರಾಯಗಳುಂಟು. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಹುಡುಗರು ಬಾಂಬಿಗೆ ತುತ್ತಾದ ಬಯಲುಗಳಲ್ಲಿ ಸೈಕಲ್ ಸ್ಪೀಡ್‌ವೇ ಎಂಬ ಪಂದ್ಯವನ್ನು ಆಡುತ್ತಿದ್ದರು. ನೆದರ್ಲೆಂಡ್ಸಿನಲ್ಲಿ ೧೯೫೦ರ ದಶಕದಲ್ಲಿಯೇ ಹುಡುಗರು ಮೋಟಾರ್ ಸೈಕಲ್ ಮೋಟೋಕ್ರಾಸನ್ನು ಸಾಮಾನ್ಯ ಸೈಕಲ್ಲಿನ ಮೇಲೆ ಅನುಕರಿಸಿದರೆಂಬ ವಾದವೂ ಇದೆ. ಇಂಥ ಅನುಕರಣೆ ಹಲವೆಡೆ ತಾನೇ ತಾನಾಗಿ ತಲೆದೋರಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಇಂದಿನ ಸಂಸ್ಥೆಗಳೂ ನಿಯಮಗಳೂ ಸೈಕಲ್ಲಿನ ಆಕಾರವೂ ಯಾವ ಬೇರಿನಿಂದ ಬಂದುವೆಂದು ಕೇಳಿದರೆ, ದಕ್ಷಿಣ ಕ್ಯಾಲಿಫೋರ್ನಿಯದತ್ತ ತಿರುಗದೆ ಗತ್ಯಂತರವಿಲ್ಲ.

ಅಲ್ಲಿಯ ಮಕ್ಕಳು ೧೯೬೦ರ ದಶಕದ ಆರಂಭದಲ್ಲಿ ತಮ್ಮ ಚಿಕ್ಕ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲನ್ನೂ ಉದ್ದನೆಯ ಸೀಟನ್ನೂ ಜೋಡಿಸಿಕೊಂಡು ತಿರುಗುತ್ತಿದ್ದರು. ಷಿಕಾಗೋ ನಗರದ ಷ್ವಿನ್ ಕಂಪೆನಿಯ ಆಲ್ ಫ್ರಿಟ್ಸ್ ಎಂಬಾತ ಈ ಸುದ್ದಿಯನ್ನು ಕೇಳಿ ಅದೇ ಮಾದರಿಯಲ್ಲಿ ಸ್ಟಿಂಗ್-ರೇ ಎಂಬ ಸೈಕಲ್ಲನ್ನು ರೂಪಿಸಿದನು. ಅದು ೧೯೬೩ರಲ್ಲಿ ಮಾರುಕಟ್ಟೆಗೆ ಬಂದಿತು. ಇಲ್ಲಿ ಕಾರ್ಖಾನೆ ಮಕ್ಕಳಿಗೆ ಕಲಿಸಲಿಲ್ಲ, ಮಕ್ಕಳಿಂದ ಕಲಿಯಿತು ಎಂಬ ಸಂಗತಿ ಗಮನಾರ್ಹವಾಗಿದೆ. ಸೈಕಲ್ಲು ಮರಳಿ ಮಕ್ಕಳ ಕೈಗೆ ಬಂದಾಗ ಅವರು ಅದನ್ನು ತಯಾರಕರು ಎಣಿಸದಿದ್ದ ಕೆಲಸಕ್ಕೆ, ಎಂದರೆ ಮಣ್ಣಿನ ದಿಬ್ಬಗಳನ್ನು ಹಾರುವುದಕ್ಕೆ, ಹಚ್ಚಿದರು.

೧೯೬೯ರಲ್ಲಿ ಪಶ್ಚಿಮ ಲಾಸ್ ಏಂಜಲಿಸಿನ ಪಾಮ್ಸ್ ಪಾರ್ಕ್ ಎಂಬ ಉದ್ಯಾನದಲ್ಲಿ, ಅಲ್ಲಿಯ ನೌಕರನೂ ಮೋಟೋಕ್ರಾಸ್ ಬಲ್ಲವನೂ ಆಗಿದ್ದ ರೊನಾಲ್ಡ್ ಮ್ಯಾಕ್ಲರ್ ಎಂಬ ತರುಣನ ನೆರವಿನಿಂದ ಹುಡುಗರ ಸ್ಪರ್ಧೆಗಳು ಕ್ರಮವಾಗಿ ನಡೆಯತೊಡಗಿದವು. ಮರುವರ್ಷ ನವೆಂಬರಿನಲ್ಲಿ ಲಾಂಗ್ ಬೀಚ್ ಪಟ್ಟಣದ ಒಂದು ಖಾಲಿ ನಿವೇಶನದಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ ಹದಿಮೂರು ವಯಸ್ಸಿನ ಬಾಲಕ ತಾನೇ ಒಂದು ಪಂದ್ಯವನ್ನು ಏರ್ಪಡಿಸಿದನು. ಪ್ರವೇಶಶುಲ್ಕ ತಲೆಗೆ ಕಾಲು ಡಾಲರು; ಬಂದವರು ಮೂವತ್ತೈದು ಮಂದಿ. ಬಹುಮಾನಕ್ಕೆ, ತಾನು ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಗೆದ್ದಿದ್ದ ಪಾರಿತೋಷಕಗಳನ್ನೇ ಕೊಟ್ಟನು. ಮುಂದಿನ ಪಂದ್ಯಕ್ಕೆ ನೂರೈವತ್ತು ಮಂದಿ ಬಂದರೆಂದು ಹೇಳುತ್ತಾರೆ.

ಬ್ರೂಸ್ ಬ್ರೌನನ ‘ಆನ್ ಎನಿ ಸಂಡೇ’ ಎಂಬ ಚಲನಚಿತ್ರವೇ ಈ ಕ್ರೀಡೆಯ ಜನಕವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದರ ಆರಂಭದಲ್ಲಿ ಹುಡುಗರು ಸೈಕಲ್ಲುಗಳ ಮೇಲೆ ಮೋಟೋಕ್ರಾಸನ್ನು ಅಣಕಿಸುವ ದೃಶ್ಯವಿರುವುದು ನಿಜ. ಆದರೆ ಚಿತ್ರ ತೆರೆಕಂಡದ್ದು ೧೯೭೧ರಲ್ಲಿ. ಮೇಲೆ ಹೇಳಿದ ಪಂದ್ಯಗಳೆರಡೂ ಅದಕ್ಕೆ ಹಿಂದಿನವು. ಆದುದರಿಂದ ಕಿಡಿಯನ್ನು ದೇಶದ ಉದ್ದಗಲಕ್ಕೆ ಹರಡಿದ ಗಾಳಿಯೆಂದು ಆ ಚಿತ್ರವನ್ನು ಎಣಿಸಬಹುದೇ ಹೊರತು ಕಿಡಿಯೆಂದಲ್ಲ.

ಬಂದವರೆಲ್ಲರೂ ಒಂದೇ ಶಕ್ತಿಯವರಲ್ಲವಷ್ಟೆ. ಹತ್ತು ವಾರ ಅಭ್ಯಾಸ ಮಾಡಿದವನ ಪಕ್ಕದಲ್ಲಿ ಅಂದೇ ಬಂದವನನ್ನು ನಿಲ್ಲಿಸಿದರೆ ಅವನು ಮರುವಾರ ಬರುವುದಿಲ್ಲ. ಇದಕ್ಕೆ ಪರಿಹಾರವಾಗಿ ಮೋಟಾರ್ ಸೈಕಲ್ ಪಂದ್ಯಗಳಿಂದ ಎರಡು ಪದ್ಧತಿಗಳನ್ನು ಎರವಲು ತಂದರು. ಮೊದಲನೆಯದು ವಯಸ್ಸಿನೊಡನೆ ನೈಪುಣ್ಯವನ್ನೂ ನೋಡಿ ಹೊಸಬರು, ಮಧ್ಯಮರು, ನಿಪುಣರು ಎಂದು ವಿಂಗಡಿಸುವುದು. ಎರಡನೆಯದು, ಅದೇ ಎಂಟು ಮಂದಿಯನ್ನು ಒಂದೇ ಓಟದಲ್ಲಿ ತೀರ್ಮಾನಿಸದೆ, ಮೋಟೋ ಎಂದು ಕರೆಯುವ ಸುತ್ತುಗಳಲ್ಲಿ ಮತ್ತೆ ಮತ್ತೆ ಓಡಿಸುವುದು. ಮೂರು ಮೋಟೋಗಳ ಸ್ಥಾನಾಂಕಗಳನ್ನು ಕೂಡಿಸಿ, ಕಡಿಮೆ ಮೊತ್ತ ಬಂದ ನಾಲ್ವರನ್ನು ಮುಂದಕ್ಕೆ ಕಳುಹಿಸುವ ಕ್ರಮ ಬಹುಕಾಲ ನಡೆಯಿತು. ಮೊದಲ ತಿರುವಿನಲ್ಲೇ ಬಿದ್ದ ಹೊಸಬನಿಗೆ ಅದೇ ದಿನ ಇನ್ನೆರಡು ಅವಕಾಶಗಳು ಉಳಿದಿರುತ್ತಿದ್ದವು. ನಮ್ಮ ಅಭಿಪ್ರಾಯದಲ್ಲಿ ಈ ಕ್ರೀಡೆಯ ವ್ಯಾಪ್ತಿಗೆ ಸೈಕಲ್ಲಿನ ಸೊಗಸಿಗಿಂತಲೂ ಈ ಲೆಕ್ಕಾಚಾರವೇ ಹೆಚ್ಚಿನ ಕಾರಣವಾಗಿದೆ.

ದರ್ಜೆವಿಭಜನೆ ತನ್ನದೇ ಆದ ಕೇಡನ್ನೂ ತಂದಿತು. ನಿಪುಣನಾದ ಮೇಲೂ ಕೆಳಗಿನ ವರ್ಗದಲ್ಲಿಯೇ ಕುಳಿತು ಪಾರಿತೋಷಕಗಳನ್ನು ಬಾಚಿಕೊಳ್ಳುವ ಚಾಳಿ ಕೆಲವರಲ್ಲಿ ಬೆಳೆಯಿತು. ಮಕ್ಕಳಿಗಿಂತ ತಂದೆತಾಯಂದಿರೇ ಇದಕ್ಕೆ ಹೆಚ್ಚು ಹೊಣೆಗಾರರೆಂದು ಊಹಿಸಿದರೆ ತಪ್ಪಾಗಲಾರದು. ಇಷ್ಟು ಗೆಲವುಗಳಾದೊಡನೆ ಮೇಲಿನ ವರ್ಗಕ್ಕೆ ಏರಲೇಬೇಕು ಎಂಬ ನಿಯಮ ಬಂದದ್ದು ಹೀಗೆ. ಗೆದ್ದವನನ್ನು ಗೆಲವಿನ ಕಾರಣದಿಂದಲೇ ಹೊರಡಿಸಿ ಹೊಸಬನಿಗೆ ಜಾಗ ಬಿಡಿಸುವ ಈ ಏರ್ಪಾಡು ವಿಚಾರಾರ್ಹವಾದುದು.

ಸಂಸ್ಥೆಗಳ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೯೭೪ರಲ್ಲಿ ಫ್ಲಾರಿಡದಲ್ಲಿ ಜಾರ್ಜ್ ಎಸ್ಸರನಿಂದ ನ್ಯಾಷನಲ್ ಬೈಸಿಕಲ್ ಲೀಗ್, ೧೯೭೭ರಲ್ಲಿ ಅರಿಜೋನದಲ್ಲಿ ಅಮೆರಿಕನ್ ಬೈಸಿಕಲ್ ಅಸೋಸಿಯೇಷನ್ ಹುಟ್ಟಿದವು. ಬಹುಕಾಲ ಪೈಪೋಟಿ ನಡೆಸಿ ೨೦೧೧ರಲ್ಲಿ ಇವೆರಡೂ ಒಂದಾದವು. ನೆದರ್ಲೆಂಡ್ಸಿನ ಗೆರಿಟ್ ಡೂಸ್ ಎಂಬಾತನ ಪ್ರಯತ್ನದಿಂದ ೧೯೮೧ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೊಂದು ಏರ್ಪಟ್ಟು, ೧೯೮೨ರಲ್ಲಿ ಓಹಾಯೋ ಪ್ರಾಂತದ ಡೇಟನ್ನಿನಲ್ಲಿ ಮೊದಲ ವಿಶ್ವಸ್ಪರ್ಧೆ ಜರುಗಿತು. ಅದೇ ವರ್ಷ ‘ಇ.ಟಿ.’ ಚಲನಚಿತ್ರದಲ್ಲಿ ಹುಡುಗರು ಇಂಥ ಸೈಕಲ್ಲುಗಳ ಮೇಲೆ ಓಡಿದ್ದನ್ನು ಜಗತ್ತೆಲ್ಲ ನೋಡಿತು. ೧೯೯೩ರಲ್ಲಿ ಈ ಕ್ರೀಡೆ ವಿಶ್ವ ಸೈಕ್ಲಿಂಗ್ ಸಂಸ್ಥೆಯ ಆಡಳಿತಕ್ಕೆ ಒಳಪಟ್ಟಿತು. ಆ ಸಂಸ್ಥೆಯ ಸ್ಪರ್ಧೆಗಳಲ್ಲಿ ಮಕ್ಕಳನ್ನು ವಿಂಗಡಿಸುವುದು ಮುಖ್ಯವಾಗಿ ವಯಸ್ಸಿನಿಂದ. ಅಮೆರಿಕದ ನೈಪುಣ್ಯದ ಮೆಟ್ಟಿಲುಗಳು ಅಲ್ಲಿ ಕಾಣುವುದಿಲ್ಲ.

ಹೊಸಬನು ಕಲಿಯಬೇಕಾದ ವಿದ್ಯೆ ಮಾತ್ರ ಈ ಆಡಳಿತಗಳ ಬದಲಾವಣೆಯಿಂದ ಅಷ್ಟಾಗಿ ಬದಲಾಗಿಲ್ಲ. ಮುಖವನ್ನೂ ಮುಚ್ಚುವ ಹೆಲ್ಮೆಟ್ಟು, ತುಂಬುತೋಳಿನ ಅಂಗಿ, ಉದ್ದ ಷರಾಯಿ, ಕೈಚೀಲ, ಹ್ಯಾಂಡಲಿಗೆ ಕಟ್ಟಿದ ಅಂಕೆಯ ಫಲಕ, ಇಷ್ಟಿದ್ದರೆ ಪ್ರವೇಶಕ್ಕೆ ಸಾಕು. ಮೊದಲ ಪಾಠ ಕದದ ಬಳಿ: ಮುಂದಿನ ಚಕ್ರವನ್ನು ಕದಕ್ಕೆ ಒತ್ತಿ, ಎರಡು ಪೆಡಲುಗಳ ಮೇಲೂ ನಿಂತು, ನೆಲಕ್ಕೆ ಕಾಲೂರದೆ ತೂಕ ಕಾಯುವುದು. ಎರಡನೆಯದು ಇನ್ನೂ ಸೂಕ್ಷ್ಮ. ಉಬ್ಬನ್ನು ಏರುವಾಗ ಮೊಣಕೈ ಮೊಣಕಾಲುಗಳನ್ನು ಮಡಿಸಿ ಭಾರವನ್ನು ಹಗುರಮಾಡಿ, ಇಳಿಯುವಾಗ ಅವನ್ನು ಚಾಚಿ ಸೈಕಲ್ಲನ್ನು ಕೆಳಕ್ಕೆ ಒತ್ತಿದರೆ, ಪೆಡಲು ತುಳಿಯದೆಯೇ ವೇಗ ಹೆಚ್ಚುತ್ತದೆ. ಉಯ್ಯಾಲೆಯನ್ನು ಜೀಕುವ ಮಗುವಿಗೆ ಈ ತತ್ತ್ವ ಮೈಗೆ ಗೊತ್ತು. ಸೈಕಲ್ಲಿನ ಮೇಲೆ ಅದನ್ನು ಮತ್ತೆ ಕಂಡುಕೊಳ್ಳಬೇಕು. ಹಾರುವ ಚಪಲವನ್ನು ಹೊಸಬರು ಆದಷ್ಟು ತಡೆದುಕೊಳ್ಳಬೇಕು. ಗಾಳಿಯಲ್ಲಿರುವ ಚಕ್ರವನ್ನು ಎಷ್ಟು ತುಳಿದರೂ ವೇಗ ಬರುವುದಿಲ್ಲವಷ್ಟೆ.

೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಲಾಟ್ವಿಯದ ಮಾರಿಸ್ ಷ್ಟ್ರೋಂಬರ್ಗ್ಸ್, ಫ್ರಾನ್ಸಿನ ಆನ್-ಕರೋಲಿನ್ ಷೊಸೋನ್ ಮೊದಲ ಸ್ವರ್ಣಪದಕಗಳನ್ನು ಪಡೆದರು. ಇದರೊಡನೆ ಕ್ರೀಡೆಯ ಸ್ವರೂಪದಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ಅಗ್ರಶ್ರೇಣಿಯವರಿಗಾಗಿ ಆರಂಭದ ದಿಬ್ಬ ಎಂಟು ಮೀಟರಿನಷ್ಟು ಎತ್ತರಕ್ಕೆ ಏರಿತು, ಹಾರುವ ಅಂತರಗಳು ಬೆಳೆದವು. ಹಿಂದೆ ಹೊಸಬನೂ ನಿಪುಣನೂ ಒಂದೇ ದಿಬ್ಬದಿಂದ ಇಳಿಯುತ್ತಿದ್ದರು, ವ್ಯತ್ಯಾಸ ವೇಗದಲ್ಲಿ ಮಾತ್ರ. ಈಗ ದಿಬ್ಬಗಳೇ ಬೇರೆಯಾದವು. ಅಪಾಯವೂ ಬೇರೆಯಾಯಿತು. ೨೦೧೨ರ ಲಂಡನ್ ಒಲಿಂಪಿಕ್ಸಿನ ರಜತಪದಕ ವಿಜೇತ, ಆಸ್ಟ್ರೇಲಿಯದ ಸ್ಯಾಮ್ ವಿಲೋಬಿ ೨೦೧೬ರಲ್ಲಿ ಅಭ್ಯಾಸದ ವೇಳೆ ಬಿದ್ದು ಪಾರ್ಶ್ವವಾಯುವಿಗೆ ಒಳಗಾದನು. ೨೦೧೬ರ ಸ್ವರ್ಣವಿಜೇತ ಕಾನರ್ ಫೀಲ್ಡ್ಸ್ ೨೦೨೧ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಹಾದಿಯಲ್ಲಿಯೇ ಬಿದ್ದು ಮೆದುಳಿಗೆ ಪೆಟ್ಟುಮಾಡಿಕೊಂಡನು. ಪ್ರೇಕ್ಷಕರಿಗಾಗಿ ಎತ್ತರಿಸಿದ ದಿಬ್ಬದ ಬೆಲೆಯನ್ನು ಸವಾರರು ತೆರಬೇಕಾಯಿತೆಂಬ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೂ ಊರೂರುಗಳ ತಗ್ಗು ದಿಬ್ಬಗಳು ಇಲ್ಲವಾಗಲಿಲ್ಲ. ಅಗ್ರಶ್ರೇಣಿಗೆ ಹೋಗುವ ಹಾದಿ ಈಗಲೂ ಅಲ್ಲಿಂದಲೇ ಹೊರಡುತ್ತದೆ. ಅಮೆರಿಕದ ಅನೇಕ ಕಣಗಳಲ್ಲಿ ಪೆಡಲೇ ಇಲ್ಲದ, ಕಾಲಿನಿಂದ ನೂಕಿಕೊಂಡು ಓಡುವ ಪುಟ್ಟ ಸೈಕಲ್ಲಿನ ಮಕ್ಕಳಿಗೂ ಪ್ರತ್ಯೇಕ ಓಟವಿರುತ್ತದೆ. ಆಸ್ಟ್ರೇಲಿಯದ ಸಾಯ ಸಕಕಿಬಾರ ಎಳೆಯ ವಯಸ್ಸಿನಲ್ಲಿ ಈ ಕ್ರೀಡೆಗೆ ಬಂದದ್ದು ಅಣ್ಣ ಕಾಯ್‌ನ ಬೆನ್ನುಹಿಡಿದು. ಆ ಅಣ್ಣ ೨೦೨೦ರ ಫೆಬ್ರವರಿಯಲ್ಲಿ ಬಾತರ್ಸ್ಟಿನ ವಿಶ್ವಕಪ್ ಪಂದ್ಯದಲ್ಲಿ ಬಿದ್ದು ಮೆದುಳಿಗೆ ತೀವ್ರ ಪೆಟ್ಟಾಗಿ, ಮತ್ತೆ ಸ್ಪರ್ಧೆಗೆ ಮರಳದಾದನು. ತಂಗಿ ಟೋಕಿಯೋದಲ್ಲಿ ಸೆಮಿಫೈನಲಿನಲ್ಲಿ ತಾನೂ ಬಿದ್ದು ಹೊರಬಿದ್ದಳು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅದೇ ಎತ್ತರದ ದಿಬ್ಬದಿಂದ ಇಳಿದು ಸ್ವರ್ಣಪದಕವನ್ನು ಗೆದ್ದಳು.