ಬೆಂಚು ಒಂದೇ, ಹೊತ್ತು ಬೇರೆ

ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ನೆನಪಾಗುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಊರಿನ ಹುಡುಗರು ರಾತ್ರಿ ಬಂದು ಓದುತ್ತಿದ್ದುದು ಹಗಲುಶಾಲೆಯ ಮಕ್ಕಳ ಬೆಂಚಿನ ಮೇಲೆಯೇ. ಬೆಂಚು ಒಂದೇ, ಹೊತ್ತು ಬೇರೆ. ನಾವಿಂದು ‘ಕ್ಲೌಡ್’ ಎನ್ನುವುದರ ಮೂಲದಲ್ಲಿರುವುದೂ ಇದೇ ಉಪಾಯ.

ಎಂ.ಟೆಕ್. ಓದುವಾಗ ವಡಾಲದ ಬಾಡಿಗೆ ಕೋಣೆಯಲ್ಲಿ ಕೂತು ಮಳೆಯ ಅಂಕಿಅಂಶಗಳನ್ನು ವಿಶ್ಲೇಷಿಸುತ್ತಿದ್ದೆ. ಯಂತ್ರ ಎಲ್ಲೋ ದೂರದಲ್ಲಿ, ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಒಂದು ರಾತ್ರಿ ಅದನ್ನು ನಿಲ್ಲಿಸಲು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಆ ತಿಂಗಳ ಊಟದ ಹಣ ಕರಗಿತ್ತು! ತಪ್ಪು ನನ್ನದೇ. ಆದರೆ ಹಿಂದಿನವರು ಹೇಗೆ ಸಂಶೋಧನೆ ಮಾಡುತ್ತಿದ್ದರು ಎಂಬ ಕುತೂಹಲ ಹುಟ್ಟಿದ್ದು ಆಗಲೇ.

ಉತ್ತರ ಇದೇ ಊರಲ್ಲಿತ್ತು. ಹಾರ್ಬರ್ ಲೈನಿನ ಕೊನೆಯ ಸ್ಟೇಷನ್ನಿನಲ್ಲಿಳಿದು ಬಸ್ಸು ಹಿಡಿದರೆ ಕೊಲಾಬಾ. ಅಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಗಣಕಯಂತ್ರ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ನೆಹರೂ ಅದಕ್ಕೆ ‘ಟಿಫ್ರ್ಯಾಕ್’ ಎಂದು ಹೆಸರಿಟ್ಟರು. ಇಂದಿನ ಮೊಬೈಲಿನ ಒಂದು ಫೋಟೋ ಕೂಡ ಅದರ ನೆನಪಿನಲ್ಲಿ ಹಿಡಿಸುತ್ತಿರಲಿಲ್ಲ. 1964ರಲ್ಲಿ ಅಮೆರಿಕದಿಂದ ಸಿಡಿಸಿ 3600 ಎಂಬ ದೊಡ್ಡ ಯಂತ್ರ ಬಂತು. ಅದು ಒಂದೇ ಸಂಸ್ಥೆಯ ಸೊತ್ತಾಗಿ ಉಳಿಯಲಿಲ್ಲ. ಹೊರಗಿನ ಸಂಶೋಧಕರ ಲೆಕ್ಕಗಳೂ ರಂಧ್ರ ಕೊರೆದ ಕಾರ್ಡುಗಳ ಕಟ್ಟಾಗಿ ಬಂದು ಸರದಿಯಲ್ಲಿ ನಿಂತವು.

ಐರಾವತಂ ಮಹಾದೇವನ್ ಸಿಂಧೂ ಲಿಪಿಯ ಸುಮಾರು 2,900 ಬರಹಗಳ ಚಿಹ್ನೆಗಳನ್ನು ವಿಂಗಡಿಸಿದ್ದು ಈ ಸಂಸ್ಥೆಯ ಗಣಕದ ನೆರವಿನಿಂದ. 1977ರಲ್ಲಿ ಅದು ಗ್ರಂಥವಾಗಿ ಬಂತು. ಅಂದಿಗೆ ಅದೇ ದೊಡ್ಡ ದತ್ತಾಂಶ!

ವಿದ್ಯುತ್ತಿನಂತೆ ಗಣನಶಕ್ತಿಯೂ ಒಂದು ದಿನ ಸಾರ್ವಜನಿಕ ಸೇವೆಯಾದೀತೆಂದು ಜಾನ್ ಮೆಕಾರ್ಥಿ 1961ರಲ್ಲೇ ಹೇಳಿದ್ದರು. 2004ರಲ್ಲಿ ಗೂಗಲ್‌ನ ಡೀನ್ ಮತ್ತು ಘೇಮಾವತ್ ‘ಮ್ಯಾಪ್‌ರೆಡ್ಯೂಸ್’ ಪ್ರಬಂಧ ಪ್ರಕಟಿಸಿ, ರಾಶಿ ದತ್ತಾಂಶವನ್ನು ಸಾವಿರಾರು ಸಾಧಾರಣ ಯಂತ್ರಗಳಿಗೆ ಹಂಚಿ, ಫಲಿತಾಂಶಗಳನ್ನು ಮತ್ತೆ ಕೂಡಿಸುವ ದಾರಿ ತೋರಿಸಿದರು. 2006ರಲ್ಲಿ ಅಮೆಜಾನ್ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. ಸರದಿ ಕಾಯುವ ಕಷ್ಟ ತಪ್ಪಿತು. ಅದರ ಜಾಗಕ್ಕೆ ಬಿಲ್ಲು ಬಂತು.

ಹಳೆಯದೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಕಾರ್ಡಿನಲ್ಲಿ ಒಂದು ರಂಧ್ರ ತಪ್ಪಿದರೂ ಮತ್ತೆ ಸರದಿಯೇ ಗತಿ. ಆದರೆ ಆ ಯಂತ್ರ ದುಡ್ಡಿದ್ದವನಿಗಷ್ಟೇ ಮೀಸಲಾಗಿರಲಿಲ್ಲ. ಆ ದಾರಿ ಪೂರ್ತಿ ಮುಚ್ಚಿಯೂ ಇಲ್ಲ: 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ಯೋಜನೆಯಡಿ ‘ಪರಮ್ ಪ್ರವೇಗ’ ಎದ್ದು ನಿಂತಿತು. ಅದರ ಶಕ್ತಿ 3.3 ಪೆಟಾಫ್ಲಾಪ್.

ರಾತ್ರಿಶಾಲೆಯ ಹುಡುಗ ಬೆಂಚನ್ನು ಕೊಳ್ಳಬೇಕಾಗಿರಲಿಲ್ಲ. ಬಾಗಿಲು ತೆರೆದಿದ್ದರೆ ಸಾಕಿತ್ತು, ಕಲಿಯುವುದು ಅವನ ಪಾಲಿನ ಕೆಲಸ. ಊರಿನಿಂದ ಇಂದು ಬಂದಿಳಿಯುವ ವಿದ್ಯಾರ್ಥಿಗೂ ಅಂಥದೊಂದು ಬಾಗಿಲು ಬೇಕು.